ಗಂಡಸನ್ನು ಕೇಳದ ಪ್ರಶ್ನೆ

ಅಪ್ಟನ್ ಸಿಂಕ್ಲೇರ್ 1906ರಲ್ಲಿ ಪ್ರಕಟಿಸಿದ 'ದಿ ಜಂಗಲ್' ಕಾದಂಬರಿ ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಚಿಕಾಗೊದ ಕಸಾಯಿಖಾನೆಗಳ ಹೊಲಸು. ಆ ಪುಸ್ತಕ ಎಬ್ಬಿಸಿದ ಗದ್ದಲಕ್ಕೆ ಅದೇ ವರ್ಷ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾನೂನೇ ಬಂತು. ಆದರೆ ಲಿಥುವೇನಿಯನ್ ಮನೆಮಾತಿನವರು ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ಹೊಲಸಿಗಿಂತ ಮೊದಲು ಅವರ ಕಣ್ಣು ಕುಕ್ಕುವುದು ಒಂದು ಹೆಸರು. ಕಾದಂಬರಿಯಲ್ಲಿ ಬರುವುದು ಲಿಥುವೇನಿಯಾದಿಂದ ಹೊಟ್ಟೆಪಾಡಿಗೆ ವಲಸೆ ಬಂದ ಸಂಸಾರ. ನಾಯಕ ಯುರ್ಗಿಸ್ ರುದ್ಕುಸ್, ಅವನ ಕೈಹಿಡಿಯುವ ಓನಾ, ಓನಾಳ ಬಂಧು ಗಟ್ಟಿಗಿತ್ತಿ ಮಾರಿಯಾ ಬೆರ್ಚಿನ್ಸ್ಕಾಸ್. ಇದರಲ್ಲಿ ಮಾರಿಯಾ ಎಂಬುದು ಹೆಣ್ಣಿನ ಹೆಸರು, ಬೆರ್ಚಿನ್ಸ್ಕಾಸ್ ಎಂಬುದು ಗಂಡಸಿನ ಹೆಸರು. ಕನ್ನಡದ ಕಿವಿಗೆ 'ಮಾರಿಯಾ ಬಂದನು' ಎಂದರೆ ಹೇಗೆ ಕೇಳಿಸುತ್ತದೋ ಲಿಥುವೇನಿಯನ್ನರಿಗೆ ಅದು ಹಾಗೆ ಕೇಳಿಸುತ್ತದೆ. ಮದುವೆಯಾಗದ ಮಾರಿಯಾ 'ಬೆರ್ಚಿನ್ಸ್ಕೈತೆ' ಆಗಬೇಕಿತ್ತು. ಸಿಂಕ್ಲೇರನನ್ನು ಬೈದು ಫಲವಿಲ್ಲ. ಅಮೆರಿಕಕ್ಕೆ ಹೋದ ಎಷ್ಟೋ ಲಿಥುವೇನಿಯನ್ ಮನೆಗಳಲ್ಲಿ ಅಪ್ಪನ ಹೆಸರೇ ಎಲ್ಲರ ಹೆಸರಾಯಿತು, ಏಕೆಂದರೆ ಅಲ್ಲಿನ ಗುಮಾಸ್ತನಿಗೆ ಒಂದು ಸಂಸಾರಕ್ಕೆ ಮೂರು ಬಗೆಯ ಅಡ್ಡಹೆಸರು ಏಕೆಂದು ತಿಳಿಯುವಂತಿರಲಿಲ್ಲ.

ಮೂರು ಬಗೆ ಎಂದದ್ದು ಲೆಕ್ಕ ಹಿಡಿದೇ. ಮನೆಯ ಯಜಮಾನ ಕಜ್ಲೌಸ್ಕಾಸ್ ಎಂದುಕೊಳ್ಳಿ. ಅವನ ಹೆಂಡತಿ ಕಜ್ಲೌಸ್ಕಿಯೆನೆ, ಮಗಳು ಕಜ್ಲೌಸ್ಕೈತೆ, ಮಗ ಮತ್ತೆ ಕಜ್ಲೌಸ್ಕಾಸ್. 'ಇಯೆನೆ' ಸೇರಿದರೆ ಇಂಥವನ ಹೆಂಡತಿ. 'ಐತೆ', 'ಈತೆ', 'ಉತೆ' ಎಂಬ ಪ್ರತ್ಯಯಗಳಲ್ಲಿ ಯಾವುದಾದರೊಂದು ಸೇರಿದರೆ ಇಂಥವನ ಮಗಳು. ಅಪ್ಪನ ಹೆಸರಿನ ಕೊನೆ ಹೇಗಿದೆಯೋ ಅದಕ್ಕೆ ತಕ್ಕಂತೆ ಮಗಳ ಪ್ರತ್ಯಯ. ಮದುವೆಯಾದ ಮೇಲೆ ಮಗಳು ಇನ್ನೊಂದು ಮನೆಯ 'ಇಯೆನೆ' ಆಗುತ್ತಾಳೆ. ಮಗ ಮಾತ್ರ ತೊಟ್ಟಿಲಿನಿಂದ ಚಟ್ಟದವರೆಗೆ ಕಜ್ಲೌಸ್ಕಾಸ್. ಇದೇ 'ಇಯೆನೆ' ಆ ಭಾಷೆಯಲ್ಲಿ ಸಾರುಗಳಿಗೂ ಹೆಸರು ಕಟ್ಟುತ್ತದೆ: ಆಲೂಗಡ್ಡೆಯ ಸಾರು 'ಬುಲ್ವಿಯೆನೆ', ಬಟಾಣಿಯ ಸಾರು 'ಝಿರ್ನಿಯೆನೆ'. ಹೆಂಡತಿಗೂ ಸಾರಿಗೂ ಒಂದೇ ಬಾಲ ಬಂದದ್ದು ವ್ಯಾಕರಣದ ಆಕಸ್ಮಿಕ ಎಂದು ನಂಬೋಣ.

ಇಂಗ್ಲಿಷ್-ಲಿಥುವೇನಿಯನ್ ನಿಘಂಟು ತೆರೆದರೆ ಈ ಗೋಜಲು ಯಾವುದೂ ಕಾಣುವುದಿಲ್ಲ. ವುಮನ್ ಎಂದರೆ 'ಮೊತೆರಿಸ್', ವೈಫ್ ಎಂದರೆ 'ಝ್ಮೊನಾ', ಗರ್ಲ್ ಚಿಕ್ಕವಳಾದರೆ 'ಮೆರ್ಗೈತೆ', ಪ್ರಾಯಕ್ಕೆ ಬಂದವಳಾದರೆ 'ಮೆರ್ಗಿನಾ', ಮದರ್ 'ಮೊತಿನಾ', ಡಾಟರ್ 'ದುಕ್ತೆ', ಸಿಸ್ಟರ್ 'ಸೆಸುವೊ'. ಎಡಗಡೆಯ ಸಾಲು, ಬಲಗಡೆಯ ಸಾಲು, ಎರಡೂ ಕೂಡಿಬಂದವು, ಅನುವಾದ ಮುಗಿಯಿತು ಅನಿಸುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಹೆಣ್ಣಿಗೆ ಇಟ್ಟ ಹೆಸರುಗಳು ಬರೀ ಹೆಸರುಗಳಾಗಿರುವುದಿಲ್ಲ. ಒಂದೊಂದೂ ಅವಳನ್ನು ಏನೋ ಒಂದು ಕೇಳುತ್ತಿರುತ್ತದೆ. ಯಾರ ಮಗಳು, ಯಾರ ಹೆಂಡತಿ, ಮದುವೆಯಾಗಿದೆಯೇ, ವಯಸ್ಸೆಷ್ಟು, ಮರ್ಯಾದಸ್ಥಳೇ? ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಅದು ಕೇಳುತ್ತಿದ್ದ ಪ್ರಶ್ನೆ ಗಡಿಯಲ್ಲೇ ನಿಲ್ಲುತ್ತದೆ, ಅತ್ತ ಕಡೆ ಬೇರೆಯೇ ಪ್ರಶ್ನೆಯೊಂದು ಬಂದು ಅಂಟಿಕೊಳ್ಳುತ್ತದೆ. ಹೀಗಾಗಿ ಒಂದು ಭಾಷೆ ಹೆಣ್ಣಿಗೆ ನ್ಯಾಯವಾಗಿ ನಡೆದುಕೊಳ್ಳುತ್ತಿದೆಯೇ ಎಂದು ತೂಗುವಾಗ, ಅದು ಹೆಣ್ಣು ಗಂಡೆಂದು ಭೇದ ಮಾಡುತ್ತದೆಯೋ ಇಲ್ಲವೋ ಎಂದು ನೋಡುವುದು ಸಾಲದು. ಗಂಡಸನ್ನು ಕೇಳದ ಪ್ರಶ್ನೆಯನ್ನು ಹೆಂಗಸಿಗೆ ಕೇಳುತ್ತದೆಯೇ ಎಂದು ನೋಡಬೇಕು. ಈ ಒರೆಗೆ ಹಚ್ಚಿದರೆ ಇಂಗ್ಲಿಷ್ ನಾವಂದುಕೊಂಡಷ್ಟು ಮುಂದಿಲ್ಲ, ಲಿಥುವೇನಿಯನ್ ಅಷ್ಟು ಹಿಂದೆಯೂ ಇಲ್ಲ.

ಇಂಗ್ಲಿಷ್ ಈ ಪ್ರಶ್ನೆಯನ್ನು ಹೆಸರಿನ ಹಿಂದೆ ಅಂಟಿಸಲಿಲ್ಲ, ಮುಂದೆ ಇಟ್ಟಿತು. ಮಿಸ್ಟರ್ ಎಂದರೆ ಮದುವೆಯಾದವನೂ ಆಗಬಹುದು, ಆಗದವನೂ ಆಗಬಹುದು. ಹೆಣ್ಣು ಮಾತ್ರ ಮಿಸ್ ಇಲ್ಲವೇ ಮಿಸೆಸ್. ಜೇನ್ ಆಸ್ಟನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡೀಸ್' ಕಾದಂಬರಿಯ ಕಥೆಯೆಲ್ಲ ಈ ಎರಡು ಪದಗಳ ನಡುವಿನ ದಾರಿಯಲ್ಲೇ ನಡೆಯುತ್ತದೆ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು. ಹಿರಿಯವಳು ಬರೀ 'ಮಿಸ್ ಬೆನೆಟ್'. ಉಳಿದವರಿಗೆ ಅಡ್ಡಹೆಸರಿನ ಗೌರವ ಇಲ್ಲ, ಎರಡನೆಯವಳು 'ಮಿಸ್ ಎಲಿಜಬೆತ್'. ಎಲ್ಲರಿಗಿಂತ ಕಿರಿಯಳಾದ ಲಿಡಿಯಾ ಓಡಿಹೋಗಿ, ಹೇಗೋ ಮದುವೆಯೊಂದಾಗಿ ತವರಿಗೆ ಬಂದಾಗ, ಈಗ ತಾನು ಮದುವೆಯಾದವಳು ಎಂದು ದೊಡ್ಡಕ್ಕನನ್ನೇ ಹಿಂದೆ ಸರಿಸಿ ಅವಳ ಜಾಗ ಹಿಡಿಯುತ್ತಾಳೆ. ಇದೇ ಮನೆ ಲಿಥುವೇನಿಯಾದ ಹಳ್ಳಿಯಲ್ಲಿದ್ದಿದ್ದರೆ ತಾಯಿ 'ಬೆನೆತಿಯೆನೆ', ಐವರು ಮಕ್ಕಳೂ ಒಂದೇ ಸಮನೆ 'ಬೆನೆತೈತೆ'. ಅಲ್ಲಿಯ ಭಾಷೆ ಮದುವೆಯ ವಿಷಯ ಕೇಳುತ್ತದೆ, ಯಾರು ಹಿರಿಯಳು ಎಂದು ಕೇಳುವುದಿಲ್ಲ. ಇಂಗ್ಲಿಷಿನ ಶಿಷ್ಟಾಚಾರ ಎರಡನ್ನೂ ಕೇಳುತ್ತಿತ್ತು. ಇದನ್ನು ಲಿಥುವೇನಿಯನ್ನಿಗೆ ತರುವವರ ಮುಂದೆ ಇರುವ ದಾರಿಗಳು ಎರಡು. 'ಮಿಸಿಸ್', 'ಮಿಸ್' ಎಂದೇ ಉಳಿಸಿಕೊಂಡು ಪರಕೀಯತೆ ಒಪ್ಪಿಕೊಳ್ಳುವುದು ಒಂದು, 'ಪೋನಿಯಾ', 'ಪಾನೆಲೆ' ಎಂದು ತಮ್ಮ ಮಾತಿಗೆ ತಿರುಗಿಸುವುದು ಇನ್ನೊಂದು. ಹೇಗೆ ಮಾಡಿದರೂ ದೊಡ್ಡಕ್ಕನಿಗೆ ಸಲ್ಲುತ್ತಿದ್ದ ಆ ಸಣ್ಣ ಪಟ್ಟ ಕಳೆದುಹೋಗುತ್ತದೆ.

ಇಂಗ್ಲಿಷಿನವರು ಈ ಕೆಡುಕಿಗೆ ಕಂಡುಕೊಂಡ ಮದ್ದು 'ಮಿಝ್'. 1901ರಲ್ಲೇ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಊರಿನ ಪತ್ರಿಕೆಯೊಂದು ಅದನ್ನು ಸೂಚಿಸಿತ್ತು, ಆಗ ಯಾರೂ ಕಿವಿಗೊಡಲಿಲ್ಲ. 1970ರ ದಶಕದ ಸ್ತ್ರೀವಾದಿ ಚಳವಳಿ ಅದನ್ನು ಎತ್ತಿಕೊಂಡಿತು. ಅದೇ ಹೆಸರಿನ ಪತ್ರಿಕೆಯೂ ಹುಟ್ಟಿತು. ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಳ್ಳಲು 1986 ಬರಬೇಕಾಯಿತು. ಎಂಬತ್ತೈದು ವರ್ಷ ಹಿಡಿದರೂ ಅದು ಸುಲಭದ ಸುಧಾರಣೆಯೇ. ಮಿಸ್ ಆಗಲಿ ಮಿಸೆಸ್ ಆಗಲಿ ಹೆಸರಿನ ಹೊರಗೆ ನಿಂತ ಪದ, ತೆಗೆದು ಇನ್ನೊಂದಿಟ್ಟರೆ ಹೆಸರಿಗೆ ನೋವಾಗುವುದಿಲ್ಲ. ಲಿಥುವೇನಿಯನ್ನಿಗೆ ಈ ಮಿಝ್ ಅನ್ನು ಅನುವಾದಿಸಲು ಹೊರಟರೆ ಪೇಚು ಶುರುವಾಗುತ್ತದೆ. 'ಪೋನಿಯಾ' ಎಂದು ಎಲ್ಲ ಹೆಂಗಸರನ್ನೂ ಕರೆಯಬಹುದು, ಈಗ ಕರೆಯುತ್ತಲೂ ಇದ್ದಾರೆ. ಆದರೆ ಮರುಕ್ಷಣವೇ ಅಡ್ಡಹೆಸರು ಬಾಯಿಬಿಡುತ್ತದೆ. 2009ರಿಂದ 2019ರವರೆಗೆ ರಾಷ್ಟ್ರಾಧ್ಯಕ್ಷೆಯಾಗಿದ್ದ ದಾಲಿಯಾ ಗ್ರಿಬೌಸ್ಕೈತೆ ಮದುವೆಯಾಗಿಲ್ಲ ಎಂದು ತಿಳಿಯಲು ಯಾವ ಸಂದರ್ಶನವೂ ಬೇಕಿರಲಿಲ್ಲ, ಮತಪತ್ರ ಓದಿದರೆ ಸಾಕಿತ್ತು. ಅವರ ನಂತರ ಬಂದ ಗಿತಾನಾಸ್ ನೌಸೇದಾ ಅವರ ಹೆಸರು ಓದಿ ಮದುವೆಯ ವಿಚಾರ ಹೇಳಿ ನೋಡೋಣ! ಅವರ ಪತ್ನಿ ದಿಯಾನಾ ನೌಸೇದಿಯೆನೆ ಎಂಬುದು ಗೊತ್ತಾದಾಗಲೇ ಅದು ತಿಳಿಯುವುದು.

ರಾಣಿಯರೂ ಇದರಿಂದ ತಪ್ಪಿಸಿಕೊಂಡಿಲ್ಲ. ರಾಜ 'ಕರಾಲಿಯುಸ್', ರಾಣಿ 'ಕರಾಲಿಯೆನೆ'. ಅದೇ ಪ್ರತ್ಯಯ, ಕೂಡಿಸಿ ಓದಿದರೆ ರಾಜನ ಹೆಂಡತಿ. ಎರಡನೇ ಎಲಿಜಬೆತ್ 2006ರ ಅಕ್ಟೋಬರಿನಲ್ಲಿ ವಿಲ್ನಿಯಸ್‌ಗೆ ಭೇಟಿ ಕೊಟ್ಟಾಗ, ಅಪ್ಪನಿಂದ ಪಟ್ಟ ಪಡೆದು ಸ್ವಂತ ಹಕ್ಕಿನಿಂದ ಆಳುತ್ತಿದ್ದ ಆಕೆಯನ್ನು ಅಲ್ಲಿನ ಪತ್ರಿಕೆಗಳು ಈ ಪದದಿಂದಲೇ ಕರೆಯಬೇಕಾಯಿತು. ಇದನ್ನು ಎತ್ತಿ ತೋರಿಸಿ ನಗುವ ಇಂಗ್ಲಿಷಿನವರಿಗೆ ಅವರದೇ 'ಕ್ವೀನ್' ಪದದ ಜಾತಕ ತೋರಿಸಬೇಕು. ಅದು ಹಳೆಯ ಇಂಗ್ಲಿಷಿನಲ್ಲಿ ಬರೀ ಹೆಂಗಸು, ಹೆಂಡತಿ. ಅದರ ಒಂದು ಕವಲು ಸಿಂಹಾಸನ ಏರಿತು. ಅದೇ ಉಚ್ಚಾರದ, ಕಾಗುಣಿತದಲ್ಲಿ ಮಾತ್ರ ಬೇರೆಯಾದ ಇನ್ನೊಂದು ಕವಲು ಸೂಳೆ ಎಂಬ ಬೈಗುಳವಾಯಿತು.

ಇಂಗ್ಲಿಷಿನಲ್ಲಿ ಹೆಣ್ಣಿನ ಹೆಸರುಗಳು ಹೀಗೆ ಜಾರುವುದು ಒಂದೆರಡು ಪದದ ಹಣೆಬರಹವೇನಲ್ಲ. ಮ್ಯೂರಿಯಲ್ ಶುಲ್ಟ್ಸ್ ಎಂಬ ಅಮೆರಿಕದ ವಿದ್ವಾಂಸೆ 1975ರಲ್ಲಿ ಈ ವಿಷಯ ಹಿಡಿದು ಬರೆದ ಪ್ರಬಂಧ ಪ್ರಸಿದ್ಧ. ಮಾಸ್ಟರ್ ಇಂದಿಗೂ ಒಡೆಯನೇ, ಮಿಸ್ಟ್ರೆಸ್ ಇಟ್ಟುಕೊಂಡವಳಾದಳು. ಸರ್ ಸಭ್ಯನಾಗಿ ಉಳಿದ, ಮೇಡಂ ಸೂಳೆಗೇರಿಯ ಯಜಮಾನಿಯೂ ಆದಳು. ಹಸಿ ಎಂಬ ಬೈಗುಳ ಹೌಸ್‌ವೈಫ್ ಎಂಬ ಪದ ಸವೆದು ಆದದ್ದು. ಗವರ್ನರ್ ರಾಜ್ಯ ಆಳಿದ, ಗವರ್ನೆಸ್ ಮಕ್ಕಳಿಗೆ ಪಾಠ ಹೇಳಿದಳು. ಲಾರ್ಡ್ ಎಂದರೆ ಮೂಲದಲ್ಲಿ ರೊಟ್ಟಿ ಕಾಯುವವ, ಲೇಡಿ ಎಂದರೆ ಹಿಟ್ಟು ನಾದುವವಳು. ಕಾಯುವವನು ಸಂಸತ್ತಿನ ಮೇಲ್ಮನೆಯಲ್ಲಿ ಕೂತ, ನಾದುವವಳು ಈಗ ಕಸ ಗುಡಿಸುವವಳ ಹೆಸರಿಗೂ ಸೇರಿಕೊಂಡಿದ್ದಾಳೆ. ನೂಲುವವಳು ಎಂಬ ಅರ್ಥದ ಸ್ಪಿನ್‌ಸ್ಟರ್, ಮದುವೆಯಾಗದೆ ಉಳಿದವಳು ಎಂಬ ಕನಿಕರವಾಯಿತು. ಬ್ಯಾಚುಲರ್‌ಗೆ ಆ ಕನಿಕರ ಎಂದೂ ತಟ್ಟಲಿಲ್ಲ. ಇಂಗ್ಲೆಂಡಿನ ಮದುವೆ ನೋಂದಣಿಯಲ್ಲಿ ಈ ಎರಡೂ ಪದ ಬಿಟ್ಟುಹೋದದ್ದು 2005ರ ಕೊನೆಯಲ್ಲಿ.

ಲಿಥುವೇನಿಯನ್ನಿನಲ್ಲೂ ಇಂಥ ಜಾರುವಿಕೆ ಉಂಟು. 'ಮೆರ್ಗಾ' ಎಂದರೆ ಒಂದು ಕಾಲಕ್ಕೆ ಪ್ರಾಯದ ಹುಡುಗಿ, ಹೊಲಮನೆಯ ಆಳುಮಗಳು. ಈಗ ಅದು ಒರಟು ಮಾತು. ಅದರದೇ ಮುದ್ದಿನ ರೂಪ 'ಮೆರ್ಗೆಲೆ' ಜನಪದ ಹಾಡಿನ ಕನ್ಯೆಯಾಗಿ, ಮೇರಿ ಮಾತೆಯ ಬಿರುದಾಗಿ ಪವಿತ್ರವಾಗಿದೆ. 'ಬೋಬಾ' ಎಂದು ಹೆಂಗಸನ್ನು ಕರೆದರೆ ಜಗಳ ಖಾತ್ರಿ, ಆದರೆ ಈಸ್ಟರ್ ಹಬ್ಬದ ಕೇಕಿಗೂ ಅದೇ ಹೆಸರು. ಶರತ್ಕಾಲದಲ್ಲಿ ನಾಲ್ಕು ದಿನ ಬರುವ ಬೆಚ್ಚನೆಯ ಬಿಸಿಲಿಗೆ 'ಬೋಬಾಗಳ ಬೇಸಿಗೆ' ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಒಂದು ವ್ಯತ್ಯಾಸ ಮಾತ್ರ ಗಮನಿಸುವಂಥದ್ದು. ಮದುವೆಯಾಗದೆ ವಯಸ್ಸಾದವಳು 'ಸೆನ್‌ಮೆರ್ಗೆ', ಮುದಿಹುಡುಗಿ. ಮದುವೆಯಾಗದೆ ವಯಸ್ಸಾದವನು 'ಸೆನ್‌ಬೆರ್ನಿಸ್', ಮುದಿಹುಡುಗ. ಹಳ್ಳಿಯ ನಾಲಿಗೆ ಇಬ್ಬರನ್ನೂ ಬಿಡುವುದಿಲ್ಲ. ನಾನು ಹೇಳಿದ ಒರೆಗಲ್ಲಿಗೆ ಹಚ್ಚಿದರೆ ಇದು ಕುಹಕವಾದರೂ ನ್ಯಾಯದ ಕುಹಕ.

'ಫೀಮೇಲ್' ಪದದ ಕಥೆ ಇನ್ನೂ ಸೋಜಿಗದ್ದು. ಅದಕ್ಕೂ ಮೇಲ್ ಎಂಬುದಕ್ಕೂ ರಕ್ತಸಂಬಂಧವೇ ಇಲ್ಲ. ಲ್ಯಾಟಿನ್ನಿನ ಫೆಮೆಲ್ಲಾ ಫ್ರೆಂಚಿನಲ್ಲಿ ಫೆಮೆಲ್ ಆಗಿ ಇಂಗ್ಲಿಷಿಗೆ ಬಂತು. ಪಕ್ಕದಲ್ಲಿ ಮೇಲ್ ಕೂತಿದ್ದರಿಂದ ಜೋಡಿಯಿರಬೇಕೆಂದು ಕಾಗುಣಿತ ತಿದ್ದಿದರು. ಹೆಣ್ಣೆಂಬುದು ಗಂಡಿನಿಂದ ಆದದ್ದೆಂಬ ಭ್ರಮೆ ಕಾಗುಣಿತದ ಮೂಲಕವೇ ಒಳಬಂತು. ಲಿಥುವೇನಿಯನ್ನಿನಲ್ಲಿ ಇದಕ್ಕೆ ಒಂದೇ ಪದ ಸಿಗುವುದಿಲ್ಲ. 'ಪಾತೆಲೆ' ಎಂದರೆ ಪ್ರಾಣಿಯ ಹೆಣ್ಣು ಮಾತ್ರ. ಅರ್ಜಿ ನಮೂನೆಯ ಫೀಮೇಲ್ ಅನ್ನು ಯಂತ್ರದ ಹಾಗೆ ತಿರುಗಿಸಿ ಪಾತೆಲೆ ಎಂದು ಬರೆದರೆ ಮನುಷ್ಯಳನ್ನು ಕೊಟ್ಟಿಗೆಗೆ ಕಟ್ಟಿದಂತಾಗುತ್ತದೆ. ಅಲ್ಲಿ 'ಮೊತೆರಿಸ್' ಎಂದೇ ಬರೆಯಬೇಕು. ಕನ್ನಡದ 'ಹೆಣ್ಣು' ಆನೆಗೂ ಆಗುತ್ತದೆ, ಪಪ್ಪಾಯಿ ಗಿಡಕ್ಕೂ ಆಗುತ್ತದೆ, ಮಗಳಿಗೂ ಆಗುತ್ತದೆ, ನಮಗೆ ಅದರಲ್ಲಿ ಅವಮಾನ ಕಾಣುವುದಿಲ್ಲ. ಇಂಗ್ಲಿಷಿನಲ್ಲೋ ಹೆಂಗಸರನ್ನು ಫೀಮೇಲ್ಸ್ ಎಂದು ನಾಮಪದವಾಗಿ ಕರೆಯುವವನನ್ನು ಈಗ ಜನ ತಿರುಗಿ ನೋಡುತ್ತಾರೆ.

ನಾಮಪದಗಳನ್ನು ಬಿಟ್ಟು ಕ್ರಿಯಾಪದಕ್ಕೆ ಬಂದರೆ ಪ್ರಶ್ನೆ ಇನ್ನೂ ಆಳಕ್ಕಿಳಿಯುತ್ತದೆ. ಇಂಗ್ಲಿಷಿನಲ್ಲಿ ಅವನೂ ಮ್ಯಾರಿ ಆಗುತ್ತಾನೆ, ಅವಳೂ ಆಗುತ್ತಾಳೆ. ಲಿಥುವೇನಿಯನ್ನಿನಲ್ಲಿ ಗಂಡಸು 'ವೇದಾ', ಅಂದರೆ ಕರೆದೊಯ್ಯುತ್ತಾನೆ. ಹೆಣ್ಣು 'ಇಶ್‌ತೆಕಾ', ಅಂದರೆ ಹೊರಗೆ ಹರಿದುಹೋಗುತ್ತಾಳೆ. ನದಿ ಹರಿಯುವುದಕ್ಕೂ ಸೂರ್ಯ ಮೂಡುವುದಕ್ಕೂ ಇರುವ ಧಾತುವೇ ಇದು. ಸೂರ್ಯ ಅಲ್ಲಿ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಎಷ್ಟು ಚೆಂದದ ಮಾತು ಎಂದು ತಲೆದೂಗುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಹರಿದುಹೋಗುವುದೆಂದರೆ ಎಲ್ಲಿಂದ ಎಲ್ಲಿಗೆ? ತವರಿನಿಂದ ಗಂಡನ ಮನೆಗೆ. ಹೆಣ್ಣು ಕೊಡುವುದು, ಹೆಣ್ಣು ತರುವುದು ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಬ್ಬರಿಗೂ ಸಮನಾಗಿ ಸಲ್ಲುವ 'ಸುಸಿತುವೊಕ್ತಿ' ಎಂಬ ಇನ್ನೊಂದು ಕ್ರಿಯಾಪದವೂ ಲಿಥುವೇನಿಯನ್ನಿನಲ್ಲಿದೆ. ಅನುವಾದಕರು ಇಂಗ್ಲಿಷಿನ ಮ್ಯಾರಿಯನ್ನು ಕಂಡಾಗ ಈ ಮೂರರಲ್ಲಿ ಒಂದನ್ನು ಆರಿಸಲೇಬೇಕು, ಆರಿಸಿದ ಕೂಡಲೇ ಮೂಲದಲ್ಲಿಲ್ಲದ ಒಂದು ನಿಲುವು ಒಳಗೆ ಬಂದು ಕೂರುತ್ತದೆ.

ಈ ಹರಿದುಹೋದವಳ ಸುತ್ತಲೇ ಅಲ್ಲಿನ ನೆಂಟಸ್ತಿಕೆಯ ಪದಗಳೂ ಬೆಳೆದಿವೆ. ಗಂಡನ ತಾಯಿ 'ಅನೀತಾ'. ನಮ್ಮ ಊರಿನ ಅನಿತಾ ಯಾರಾದರೂ ವಿಲ್ನಿಯಸ್‌ಗೆ ಹೋಗಿ ಹೆಸರು ಹೇಳಿಕೊಂಡರೆ, ಅತ್ತೆ ಬಂದಳು ಎಂದು ನಗೆಯಾದೀತು. ಹೆಂಡತಿಯ ತಾಯಿ ಬೇರೆ, ಅವಳು 'ಉವೊಶ್ವೆ'. ಗಂಡನ ಸೋದರಿ 'ಮೋಶಾ', ಗಂಡನ ಸೋದರ 'ದಿಯೆವೆರಿಸ್', ಗಂಡನ ಅಪ್ಪ 'ಶೆಶುರಾಸ್'. ಗಂಡನ ಸೋದರನ ಹೆಂಡತಿ, ನಮ್ಮ ಓರಗಿತ್ತಿ, 'ಯೆಂತೆ'. ಸಂಸ್ಕೃತ ಬಲ್ಲವರಿಗೆ ಇಲ್ಲಿ ದೇವರ, ಶ್ವಶುರ, ಯಾತೃ ಎಂಬ ಪದಗಳು ಕೇಳಿಸುತ್ತವೆ. ಫ್ರಾಂಜ್ ಬಾಪ್ 1833ರಲ್ಲಿ ಹೊರತರಲು ಶುರುಮಾಡಿದ ತೌಲನಿಕ ವ್ಯಾಕರಣದಲ್ಲಿ ಸಂಸ್ಕೃತದ ಸಾಲಿನಲ್ಲಿ ಲಿಥುವೇನಿಯನ್ನನ್ನೂ ಕೂರಿಸಿದ್ದು ಇಂಥ ಹೋಲಿಕೆಗಳ ಬಲದಿಂದ. ನಮ್ಮಲ್ಲಿ ಕೆಲವರಿಗೆ ಈ ಸಂಗತಿ ಹೆಮ್ಮೆಯ ಸರಕು. ನನಗೆ ಇದರಲ್ಲಿ ಕಾಣುವುದು ಬೇರೆ. ಆ ಪ್ರಾಚೀನ ಪದಗಳ ಪಟ್ಟಿಯಲ್ಲಿ ಬಹುತೇಕ ಎಲ್ಲವೂ ಗಂಡನ ಕಡೆಯವರ ಹೆಸರುಗಳು. ಹೊಸ ಮನೆಗೆ ಬಂದ ಸೊಸೆ ಯಾರು ಯಾರಿಗೆ ಅಂಜಬೇಕೆಂಬ ಪಟ್ಟಿ ಅದು. ಗಂಡಸಿಗೆ ಹೆಂಡತಿಯ ಕಡೆಯವರನ್ನು ಅಷ್ಟು ಬಿಡಿಬಿಡಿಯಾಗಿ ಗುರುತಿಸುವ ಅಗತ್ಯ ಬೀಳಲಿಲ್ಲ. ಇಂಗ್ಲಿಷ್ ಇವೆಲ್ಲವನ್ನೂ 'ಇನ್-ಲಾ' ಎಂಬ ಒಂದೇ ಬಾಲದಲ್ಲಿ ಮುಗಿಸಿತು. ಆ ಲಾ ಎಂದರೆ ಯಾರು ಯಾರನ್ನು ವರಿಸಕೂಡದು ಎಂದು ಗೆರೆ ಎಳೆದ ಚರ್ಚಿನ ಕಾನೂನು. ಪದ ಬಡವಾಯಿತು ನಿಜ, ಆದರೆ ಗಂಡನ ತಾಯಿಗೂ ಹೆಂಡತಿಯ ತಾಯಿಗೂ ಒಂದೇ ಹೆಸರಿಟ್ಟು ಸಮನಾಗಿ ನಡೆದುಕೊಂಡಿತು. ಪದಸಂಪತ್ತೆಲ್ಲ ಹೆಣ್ಣಿಗೆ ಒಡವೆಯಾಗಿಯೇ ಬರುತ್ತದೆ ಎನ್ನುವಂತಿಲ್ಲ.

ಝೆಮೈತೆ ಎಂಬ ಲೇಖಕಿ 1896ರಲ್ಲಿ ಬರೆದ 'ಮಾರ್ತಿ' ಎಂಬ ನೀಳ್ಗತೆಯ ಹೆಸರನ್ನು ಇಂಗ್ಲಿಷಿಗೆ ಡಾಟರ್-ಇನ್-ಲಾ ಎಂದು ತರುತ್ತಾರೆ. ತಪ್ಪೇನಿಲ್ಲ. ಆದರೆ 'ಮಾರ್ತಿ' ಮದುವಣಗಿತ್ತಿಯೂ ಹೌದು, ಸೊಸೆಯೂ ಹೌದು. ಮದುವೆಯ ದಿನದ ಸಿಂಗಾರಕ್ಕೂ ಮರುದಿನದ ದುಡಿಮೆಗೂ ಒಂದೇ ಪದ. ಕಥೆಯ ಕಾತ್ರೆ ಅಪ್ಪನ ಮಾತಿಗೆ ಕಟ್ಟುಬಿದ್ದು ಸೋಮಾರಿ, ಕೊಳಕು ಮನೆಯೊಂದಕ್ಕೆ ಸೇರಿ, ದುಡಿದು ನಲುಗಿ ಅಲ್ಲೇ ಸಾಯುತ್ತಾಳೆ. ಕನ್ನಡದ 'ಸೊಸೆ' ಎಂಬ ಪದದಲ್ಲಿ ಈ ಭಾರ ತಾನಾಗಿ ಬರುತ್ತದೆ. ಇಂಗ್ಲಿಷಿನ ಕಾನೂನಿನ ಮಗಳಲ್ಲಿ ಬರುವುದಿಲ್ಲ.

ಆ ಲೇಖಕಿಯ ಹೆಸರೂ ಒಂದು ವಾದವೇ. 1845ರಲ್ಲಿ 'ಬೆನ್ಯುಶೆವಿಚ್ಯೂತೆ'ಯಾಗಿ ಹುಟ್ಟಿ, ಮದುವೆಯಿಂದ 'ಝೀಮಾಂತಿಯೆನೆ' ಆದ ಯೂಲಿಯಾ, ಕಥೆಗಳ ಕೆಳಗೆ ಹಾಕಿದ್ದು ಝೆಮೈತೆ ಎಂಬ ಸಹಿ. ಕೇಳಲು ಮಗಳ 'ಐತೆ'ಯಂತೆ ಇದ್ದರೂ ಅದು ಆ ಪ್ರತ್ಯಯವಲ್ಲ. ಅದರರ್ಥ ಝೆಮೈತಿಯಾ ಸೀಮೆಯವಳು. ಅಪ್ಪನ ಹೆಸರೂ ಇಲ್ಲ, ಗಂಡನ ಹೆಸರೂ ಇಲ್ಲ. ಅವರ ಕಾಲದಲ್ಲೇ ಬರೆದ ಮಾರಿಯಾ ಪೆಚ್ಕೌಸ್ಕೈತೆ 'ಶಾತ್ರಿಯಾ ಗುಡ್ಡದ ಮಾಟಗಾತಿ' ಎಂಬ ಅರ್ಥದ ಹೆಸರಿಟ್ಟುಕೊಂಡರು. ಮುಂದಿನ ತಲೆಮಾರಿನ ಕವಯಿತ್ರಿ ಸಾಲೊಮೇಯಾ ನೇರಿಸ್ ಹೆಸರು ನದಿಯದು. ಲ್ಯಾಟಿನ್ ಲಿಪಿಯ ಲಿಥುವೇನಿಯನ್ ಅಚ್ಚನ್ನು ಝಾರ್ ಸರ್ಕಾರ 1864ರಿಂದ 1904ರವರೆಗೆ ನಿಷೇಧಿಸಿತ್ತು, ಹಾಗಾಗಿ ಪೊಲೀಸರ ಕಣ್ಣು ತಪ್ಪಿಸಲು ಗಂಡಸರೂ ಗುಪ್ತನಾಮ ಇಟ್ಟುಕೊಳ್ಳುತ್ತಿದ್ದರು, ಎಲ್ಲವನ್ನೂ ಬಂಡಾಯವೆನ್ನಲಾಗದು. ಆದರೂ ಸ್ವಂತವಾಗಿ ಹೆಸರು ಆರಿಸುವ ಅವಕಾಶ ಸಿಕ್ಕಾಗ ಈ ಹೆಂಗಸರು ಸೀಮೆ, ಗುಡ್ಡ, ನದಿಗಳನ್ನು ಆರಿಸಿಕೊಂಡರೆಂಬುದು ಉಳಿಯುತ್ತದೆ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಜೇನುನೊಣ ಎಂಬ ಅರ್ಥದ 'ಬಿತೆ' ಹೆಸರಿನಲ್ಲಿ ಬರೆಯುತ್ತಿದ್ದ ಗಾಬ್ರಿಯೆಲೆ ಪೆತ್ಕೆವಿಚೈತೆ, 1920ರ ಮೇ ತಿಂಗಳಲ್ಲಿ ಲಿಥುವೇನಿಯಾದ ಸಂವಿಧಾನ ಸಭೆಯ ಮೊದಲ ಬೈಠಕ್ಕಿನ ಅಧ್ಯಕ್ಷತೆ ವಹಿಸಿದರು. ಹರಿದುಹೋಗುವ ಕ್ರಿಯಾಪದದ ನಾಡಿನಲ್ಲಿ ಹೆಂಗಸರು ಆಗಲೇ ಮತ ಹಾಕಿದ್ದರು. ಸಮಾನ ಕ್ರಿಯಾಪದದ ಬ್ರಿಟನ್ನಿನಲ್ಲಿ ಗಂಡಸರಿಗೆ ಸಮನಾದ ಮತದ ಹಕ್ಕು ಹೆಂಗಸರಿಗೆ ಬಂದದ್ದು 1928ರಲ್ಲಿ. ವ್ಯಾಕರಣ ನೋಡಿ ಕಾನೂನಿನ ಭವಿಷ್ಯ ಹೇಳಲು ಹೋಗಬಾರದು.

ಉದ್ಯೋಗದ ಹೆಸರುಗಳಲ್ಲಿ ಎರಡೂ ಭಾಷೆಗಳ ಸುಧಾರಕರು ಬೆನ್ನಿಗೆ ಬೆನ್ನು ತಿರುಗಿಸಿ ನಡೆದಿದ್ದಾರೆ. ಆಕ್ಟ್ರೆಸ್ ಬೇಡ, ಪೊಯೆಟೆಸ್ ಬೇಡ, ಹೆಣ್ಣಿಗೂ ಗಂಡಿಗೂ ಒಂದೇ ಪದ ಇರಲಿ ಎಂಬುದು ಇಂಗ್ಲಿಷಿನ ದಾರಿ. ಅಲ್ಲಿ ಸ್ತ್ರೀರೂಪ ಎಂದರೆ ಮೂಲರೂಪದ ಸಣ್ಣ ನಕಲು ಎಂಬ ವಾಸನೆ ಇದ್ದದ್ದರಿಂದ ಅದು ಸರಿಯೇ. ಲಿಥುವೇನಿಯನ್ನಿನಲ್ಲಿ ಶಿಕ್ಷಕ 'ಮೊಕೀತೊಯಾಸ್', ಶಿಕ್ಷಕಿ 'ಮೊಕೀತೊಯಾ'. ಮಂತ್ರಿ ಗಂಡಾದರೆ 'ಮಿನಿಸ್ತ್ರಾಸ್', ಹೆಣ್ಣಾದರೆ 'ಮಿನಿಸ್ತ್ರೆ'. ಇದರಲ್ಲಿ ಯಾರೂ ಯಾರ ನಕಲೂ ಅಲ್ಲ, ಇಬ್ಬರಿಗೂ ಪ್ರತ್ಯಯ ಉಂಟು. ಹೆಣ್ಣು ಮಂತ್ರಿಯನ್ನು ಸಮಾನತೆಯ ಹೆಸರಿನಲ್ಲಿ ಮಿನಿಸ್ತ್ರಾಸ್ ಎಂದರೆ ಅಲ್ಲಿಯವರು ಅವಮಾನ ಎಂದುಕೊಂಡಾರು. ಯುರೋಪಿನ ಲಿಂಗ ಸಮಾನತೆಯ ಸಂಸ್ಥೆಯ ಕಚೇರಿ ಇರುವುದು ವಿಲ್ನಿಯಸ್‌ನಲ್ಲೇ, ಅದರ ಕಡತಗಳು ಓಡುವುದು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಯೋಚಿಸಿದ ಸಮಾನತೆಯನ್ನು ಹಾಗೆಯೇ ಎತ್ತಿ ಎಲ್ಲ ಭಾಷೆಗಳಿಗೂ ಹಂಚುವವರು ಕಿಟಕಿ ತೆಗೆದು ಆ ಊರಿನ ಬೀದಿಯ ಮಾತು ಕೇಳಿಸಿಕೊಳ್ಳುವುದು ಒಳ್ಳೆಯದು. ಬಹುವಚನದಲ್ಲಿ ಮಾತ್ರ ಲಿಥುವೇನಿಯನ್ ಸೋಲುತ್ತದೆ. ಶಿಕ್ಷಕರಲ್ಲಿ ಬಹುಪಾಲು ಹೆಂಗಸರೇ ಇದ್ದರೂ ಎಲ್ಲರನ್ನೂ ಸೇರಿಸಿ ಹೇಳುವಾಗ ಪುಲ್ಲಿಂಗ ರೂಪವೇ ಗತಿ. ನಮ್ಮ 'ಅವರು' ಅವರ ಬಳಿ ಇಲ್ಲ.

ಹಾಗಾಗಿ ಲಿಥುವೇನಿಯನ್ನಿನಲ್ಲಿ ತಕರಾರು ಮಾಡಬೇಕಾದ್ದು ಸ್ತ್ರೀಲಿಂಗದ ಮೇಲಲ್ಲ, 'ಇಯೆನೆ' ಮತ್ತು 'ಐತೆ'ಗಳ ಮೇಲೆ. 2003ರಲ್ಲಿ ಅಲ್ಲಿನ ಸರ್ಕಾರಿ ಭಾಷಾ ಆಯೋಗ, ಬೇಕೆಂದ ಹೆಂಗಸರು ಬರೀ 'ಎ'ಕಾರದಲ್ಲಿ ಮುಗಿಯುವ ಗಿಡ್ಡ ಅಡ್ಡಹೆಸರು ಇಟ್ಟುಕೊಳ್ಳಬಹುದೆಂದು ಒಪ್ಪಿತು. ಅದರಲ್ಲಿ ಹೆಣ್ಣೆಂದು ತಿಳಿಯುತ್ತದೆ, ಮದುವೆಯ ವಿಷಯ ತಿಳಿಯುವುದಿಲ್ಲ. 2020ರ ಕೊನೆಗೆ ಬಂದ ಮಂತ್ರಿಮಂಡಲದಲ್ಲಿ ಈ ಚರಿತ್ರೆಯೆಲ್ಲ ಒಂದೇ ಮೇಜಿನ ಸುತ್ತ ಕೂತಿತ್ತು. ಪ್ರಧಾನಿ ಇಂಗ್ರಿದಾ ಶಿಮೊನೀತೆ, ಗೃಹಮಂತ್ರಿ ಆಗ್ನೆ ಬಿಲೊತೈತೆ, ಸಮಾಜ ಭದ್ರತೆಯ ಮಂತ್ರಿ ಮೋನಿಕಾ ನವಿತ್ಸ್ಕಿಯೆನೆ, ಹಣಕಾಸು ಮಂತ್ರಿ ಗಿಂತಾರೆ ಸ್ಕೈಸ್ತೆ. ಕೊನೆಯ ಹೆಸರೊಂದೇ ಕೇಳಿದ್ದಕ್ಕೆ ಉತ್ತರ ಕೊಡದೆ ಕೂತಿದೆ. ಆಗ ಸಂಸತ್ತಿನ ಅಧ್ಯಕ್ಷೆಯಾಗಿದ್ದ ಚೆಸ್ ಗ್ರ್ಯಾಂಡ್‌ಮಾಸ್ಟರ್ ವಿಕ್ತೊರಿಯಾ ಚ್ಮಿಲೀತೆ-ನೀಲ್ಸನ್ ಅವರ ಹೆಸರಿನ ಮೊದಲರ್ಧದಲ್ಲಿ ಮಗಳ ಪ್ರತ್ಯಯವಿದೆ, ಡೆನ್ಮಾರ್ಕಿನ ಗಂಡನಿಂದ ಬಂದ ಎರಡನೆಯ ಅರ್ಧಕ್ಕೆ ಯಾವ ಪ್ರತ್ಯಯವೂ ಇಲ್ಲ.

ಗಿಡ್ಡ ರೂಪಕ್ಕೆ ವಿರೋಧ ಬಂದದ್ದು ಸಹಜ. ಇದು ಪೂರ್ವಿಕರ ಆಸ್ತಿ, ಭಾಷೆಯ ಸೊಗಸು, ವ್ಯಾಕರಣದ ಅಗತ್ಯ ಎಂಬ ಮೂರು ಮಾತು ಅಲ್ಲಿ ಮತ್ತೆಮತ್ತೆ ಕೇಳಿಬರುತ್ತವೆ. ವ್ಯಾಕರಣದ ಮಾತಿಗೆ ಪಕ್ಕದ ಮನೆಯಲ್ಲೇ ಉತ್ತರವಿದೆ. ಲಿಥುವೇನಿಯನ್ನಿಗೆ ಇಂದು ಬದುಕಿರುವ ಅತಿ ಹತ್ತಿರದ ಭಾಷೆ ಲಾಟ್ವಿಯನ್. ಅಲ್ಲಿ ಗಂಡಸು ಬೇರ್ಜಿನ್ಯ್ಶ್ ಆದರೆ ಹೆಂಡತಿಯೂ ಬೇರ್ಜಿನ್ಯಾ, ಮಗಳೂ ಬೇರ್ಜಿನ್ಯಾ. ಲಿಂಗ ಉಂಟು, ವಿಭಕ್ತಿ ಉಂಟು, ಮದುವೆಯ ವಿಚಾರಣೆ ಇಲ್ಲ. ಪೂರ್ವಿಕರ ಆಸ್ತಿಯ ಮಾತಿಗೆ ಪೋಲೆಂಡ್ ಉತ್ತರ ಕೊಡುತ್ತದೆ. ಅಲ್ಲಿಯೂ ಹೆಂಡತಿಗೆ 'ಓವಾ', ಮಗಳಿಗೆ 'ಊವ್ನಾ' ಎಂಬ ಪ್ರತ್ಯಯಗಳಿದ್ದವು. 20ನೇ ಶತಮಾನದಲ್ಲಿ ಅವು ಬಹುಮಟ್ಟಿಗೆ ಬಿದ್ದುಹೋದವು, ಪೋಲಿಷ್ ಭಾಷೆ ಬಡವಾಗಲಿಲ್ಲ. ಸೊಗಸಿನ ಮಾತು ಉಳಿಯಿತು. ಅದನ್ನು ಒಪ್ಪುತ್ತೇನೆ, 'ಐತೆ'ಯ ನಾದ ಚೆಂದ. ಗಂಡನ ಹೆಸರಿನೊಂದಿಗೆ ಗುರುತಿಸಿಕೊಳ್ಳುವುದು ಎಷ್ಟೋ ಹೆಂಗಸರಿಗೆ ಇಷ್ಟವೂ ಹೌದು. 2025ರಲ್ಲಿ ಪ್ರಧಾನಿಯಾದ ಇಂಗಾ ರುಗಿನಿಯೆನೆ ಅವರ ಹೆಸರಲ್ಲೂ, 1990ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ದೇಶದ ಮೊದಲ ಪ್ರಧಾನಿ ಕಜಿಮಿರಾ ಪ್ರುನ್ಸ್ಕಿಯೆನೆ ಅವರ ಹೆಸರಲ್ಲೂ ಆ ಪ್ರತ್ಯಯವಿದೆ, ಅಧಿಕಾರಕ್ಕೆ ಅದು ಅಡ್ಡ ಬರಲಿಲ್ಲ. ಆದರೆ ಸೊಗಸು ಒಂದು ಕಡೆಗೆ ಮಾತ್ರ ಏಕೆ? ಅಷ್ಟು ಚೆಂದವಾಗಿದ್ದರೆ ಮದುವೆಯಾದ ಗಂಡಸಿಗೂ ಒಂದು ಪ್ರತ್ಯಯ ಹುಟ್ಟಬೇಕಿತ್ತು.

ನಾವು ದೂರ ನಿಂತು ತೀರ್ಪು ಕೊಡುವಂತಿಲ್ಲ. ಕರ್ನಾಟಕದ ಜಮೀನಿನ ದಾಖಲೆಗಳಲ್ಲಿ ಗಂಡಸು ಇಂಥವನ 'ಬಿನ್', ಹೆಂಗಸು ಇಂಥವನ 'ಕೋಂ'. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ಎಪ್ಪತ್ತು ವರ್ಷದ ರೈತ ಇನ್ನೂ ಅಪ್ಪನ ಮಗನಾಗಿ ಪಹಣಿಯಲ್ಲಿರುತ್ತಾನೆ. ಅವನ ಹೆಂಡತಿ, ತವರಿನಿಂದ ಬಂದ ಸ್ವಂತ ಜಮೀನಿಗೂ ಅವನ ಕೋಂ ಆಗಿರುತ್ತಾಳೆ. ಲಿಥುವೇನಿಯಾದಲ್ಲಿ ಹೆಸರಿನ ಒಳಗೆ ಹೋದದ್ದು ನಮ್ಮಲ್ಲಿ ಹೆಸರಿನ ಪಕ್ಕ ಕೂತಿದೆ. ಕರೆಯೋಲೆಗಳ ಶ್ರೀಮತಿ, ಕುಮಾರಿಯರ ಮಾತು ಬೇರೆ.

2003ರ ನಿರ್ಧಾರದಲ್ಲಿ ನನಗೆ ಕಾಣುವ ಕೊರತೆ ಅದು ಗಿಡ್ಡ ರೂಪವನ್ನು ವಿನಾಯಿತಿಯಾಗಿ ಕೊಟ್ಟದ್ದು. ರೂಢಿಯ ಹೆಸರು ಕೇಳದೆ ಬರುತ್ತದೆ, ಗಿಡ್ಡದ್ದನ್ನು ಕೇಳಿ ಪಡೆಯಬೇಕು. ಹಾಗಾದಾಗ ಸ್ಕೈಸ್ತೆಯಂಥ ಹೆಸರು ಉತ್ತರ ಕೊಡದೆ ಇರುವುದೇ ಒಂದು ಉತ್ತರವಾಗಿಬಿಡುತ್ತದೆ: ಈಕೆ ಹೇಳಲು ಒಲ್ಲದವಳು, ಏಕಿರಬಹುದು ಎಂದು ಜನ ಯೋಚಿಸುತ್ತಾರೆ. ಮಿಝ್ ಎಂದು ಬರೆದುಕೊಂಡವಳನ್ನು ವಿಚ್ಛೇದಿತೆಯೋ ಸ್ತ್ರೀವಾದಿಯೋ ಎಂದು ಊಹಿಸುತ್ತಿದ್ದ ಕಾಲ ಅಮೆರಿಕದಲ್ಲೂ ಇತ್ತು. ಎಲ್ಲರಿಗೂ ಅದೇ ಸಾಮಾನ್ಯವಾದ ಮೇಲೆ ಊಹೆ ನಿಂತಿತು. ಲಿಥುವೇನಿಯಾದವರು ಮಾಡಬೇಕಾದ್ದು 2003ರ ನಿರ್ಧಾರದ ತಿರುವುಮುರುವು. ಹುಟ್ಟಿದ ಹೆಣ್ಣುಮಗುವಿಗೆ ಗಿಡ್ಡ ರೂಪವೇ ತಾನಾಗಿ ಬರಲಿ, ಮದುವೆಯಾದಾಗ ಅದು ತಾನಾಗಿ ಬದಲಾಗದಿರಲಿ. 'ಐತೆ' ಬೇಕೆಂಬವಳು, 'ಇಯೆನೆ' ಬೇಕೆಂಬವಳು ಅರ್ಜಿ ಕೊಟ್ಟು ಪಡೆಯಲಿ. ಪ್ರತ್ಯಯ ಒಂದೂ ಸಾಯುವುದಿಲ್ಲ, ಅರ್ಜಿ ಬರೆಯುವ ಕೈ ಮಾತ್ರ ಬದಲಾಗುತ್ತದೆ.